ಹಸು ಮೇಯ್ದ ಶಂಖಪುಷ್ಪ

ಗೌರಿ, ನಿನ್ನ ಶಂಖಪುಷ್ಪದ ಬಳ್ಳಿಯನ್ನು ನಾನು ಕಿತ್ತು ಸುಡಲಿಲ್ಲ. ಸುಟ್ಟೆ ಎಂದು ಮನೆಯವರ ಮುಂದೆ, ಬೀದಿಯವರ ಮುಂದೆ ಹೇಳಿದ್ದು ಸುಳ್ಳು. ನಮ್ಮ ಕೆಂದಿ ಹಸು ಅದನ್ನು ತಿಂದಿತ್ತು. ಬುಡದವರೆಗೂ ತಿಂದಿತ್ತು. ನಾನು ಕಣ್ಣಾರೆ ನೋಡಿದ್ದೆ — ನೋಡಿಯೂ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ನಿನ್ನ ಕೈ ಅನ್ನವನ್ನು ಜನ ಇವತ್ತಿಗೂ ಉಣ್ಣುತ್ತಿದ್ದರು.

ನಾನು ಓದಿದ್ದು ಕಡಿಮೆ. ಸ್ಲೇಟು ಒಡೆದ ದಿನವೇ ನನ್ನ ಶಾಲೆ ಮುಗಿಯಿತು. ನಾನು ಬರೆದದ್ದರ ಕಾಗುಣಿತವನ್ನು ಮೊಮ್ಮಗಳು ತಿದ್ದಿದ್ದಾಳೆ. ಮಾತನ್ನು ತಿದ್ದಬೇಡ ಎಂದಿದ್ದೇನೆ. ನಿನಗೆ ಓದಲು ಬರುವುದಿಲ್ಲ, ಗೊತ್ತು. ನಿನ್ನ ಮನೆಯ ಹುಡುಗಿಯರು ಯಾರಾದರೂ ಓದಿ ಹೇಳಲಿ. ಅವರಿಗೂ ತಿಳಿಯಬೇಕಾದ ವಿಷಯವೇ ಇದು.

ಬೇರೆಯವರಿಗೂ ಗೊತ್ತಾಗಲಿ ಎಂದು ಮೊದಲಿನಿಂದ ಹೇಳುತ್ತೇನೆ. ಗೌರಿ ನನ್ನ ಓರಗಿತ್ತಿ, ಮೈದುನ ರಾಮಣ್ಣನ ಹೆಂಡತಿ. ನಮ್ಮದು ಜಯನಗರಕ್ಕೆ ಹೊಲ ಕೊಟ್ಟ ಹಳ್ಳಿ. ಕೊಟ್ಟದ್ದು ಅಂದರೆ — ಕೇಳಿ ತೆಗೆದುಕೊಂಡರೋ, ತೆಗೆದುಕೊಂಡು ಕೇಳಿದರೋ, ಆ ಮಾತು ಈಗ ಬೇಡ. ರಾಗಿ ಹೊಲಕ್ಕೆ ಕಲ್ಲು ನೆಟ್ಟು ರಸ್ತೆ ಎಳೆದರು. ನಮಗೆ ಉಳಿದದ್ದು ಹಳೆಯ ಮನೆ, ಕೊಟ್ಟಿಗೆ, ಹಿತ್ತಿಲು. ಹಿತ್ತಿಲ ಬೇಲಿಯ ಆಚೆಗೆ ಹೊಸ ಬಡಾವಣೆಯ ರಸ್ತೆ. ನೇಗಿಲು ಹಿಡಿದಿದ್ದ ನಮ್ಮ ಯಜಮಾನರು ಅಲ್ಲಿ ಮನೆ ಕಟ್ಟುವ ಕಡೆ ಮೇಸ್ತ್ರಿಯಾದರು. ರಾಮಣ್ಣ ಕಾರ್ಖಾನೆಗೆ ಸೇರಿದ. ನಾನು ಹಸುಗಳನ್ನು ನೋಡಿಕೊಂಡು ಬಡಾವಣೆಯ ಮನೆಗಳಿಗೆ ಹಾಲು ಹಾಕುತ್ತಿದ್ದೆ. ಅತ್ತೆ ಜಗಲಿಯ ಮೇಲೆ ಕೂತು ಎಲ್ಲರನ್ನೂ ಬಯ್ಯುತ್ತಿದ್ದರು.

ಗೌರಿ ಮದುವೆಯಾಗಿ ಬಂದದ್ದು ಆಗ. ಕನಕಪುರದ ಕಡೆಯ ಹುಡುಗಿ, ತೆಳ್ಳಗೆ ಕಪ್ಪಗೆ ಇದ್ದಳು. ಸೆರಗಿನ ತುದಿಯಲ್ಲಿ ಏನೋ ಗಂಟು ಕಟ್ಟಿಕೊಂಡು ಬಂದಿದ್ದಳು.

"ಏನವ್ವ ಅದು, ನಿಮ್ಮಪ್ಪ ಕದ್ದು ಕೊಟ್ಟ ಬಂಗಾರವಾ?" ಎಂದರು ಅತ್ತೆ.

"ಇಲ್ಲತ್ತೆ. ಶಂಖಪುಷ್ಪದ ಬೀಜ. ನಮ್ಮನೆ ಬೇಲಿದು."

"ಬಂಗಾರ ತರ್ತಾಳೆ ಅಂತ ಕಾದಿದ್ರೆ ಬೇಲಿ ತಂದವ್ಳೆ!"

ಎಲ್ಲರೂ ನಕ್ಕರು. ಗೌರಿಯೂ ನಕ್ಕಳು. ನಾನು ನಗಲಿಲ್ಲ. ತವರಿನಿಂದ ಬೀಜ ತರುವವಳು ಬೇರು ಬಿಡಲಿಕ್ಕೇ ಬರುತ್ತಾಳೆ — ನನಗೆ ಅವತ್ತೇ ಹಾಗೆ ಅನ್ನಿಸಿತು.

ಬೀಜದ ಸಿಪ್ಪೆಯನ್ನು ಒಗೆಯುವ ಕಲ್ಲಿಗೆ ಒಂದಿಷ್ಟು ಉಜ್ಜಿ, ನೀರಿನಲ್ಲಿ ನೆನೆಸಿ, ಬಚ್ಚಲ ನೀರು ಹರಿದುಹೋಗುವ ಕಡೆ ಊರಿದಳು. ಮೊಳಕೆ ಬಂದ ಮೇಲೆ ಕೊಟ್ಟಿಗೆಯ ಕಂಬಕ್ಕೆ ತೆಂಗಿನ ನಾರಿನ ಹಗ್ಗ ಕಟ್ಟಿ ಹಬ್ಬಿಸಿದಳು. ಒಲೆಯ ಬೂದಿ ಹಾಕಿದಳು. ಮಜ್ಜಿಗೆ ಗಡಿಗೆ ತೊಳೆದ ನೀರನ್ನೂ ಅದಕ್ಕೇ ಹುಯ್ಯುತ್ತಿದ್ದಳು. "ಆ ಜಾಗದಲ್ಲಿ ಚಪ್ಪರದವರೆ ಹಾಕಿದ್ರೆ ಸಾರಿಗಾದ್ರೂ ಆಗೋದು" ಎಂದೆ. "ಚಪ್ಪರದವರೆನೂ ಹಾಕ್ತೀನಿ ಅಕ್ಕ, ಇದೂ ಇರ್ಲಿ" ಎಂದಳು. ಹಾಕಿದಳು ಕೂಡ. ಬಳ್ಳಿ ಮಾತ್ರ ಕೊಟ್ಟಿಗೆಯ ಹೆಂಚು ಮುಟ್ಟಿ, ಹಸಿರೇ ಕಾಣದ ಹಾಗೆ ನೀಲಿ ಹೂ ಬಿಟ್ಟಿತು. ಬೆಳಿಗ್ಗೆ ಅತ್ತೆಯ ದೇವರ ಪಟಕ್ಕೆ ಅದೇ ಹೂ. ಅದುವರೆಗೆ ಆ ಪಟಕ್ಕೆ ಹೂ ಕೊಡುತ್ತಿದ್ದವಳು ನಾನು.

ಕಾಯಿ ಒಣಗಿದ ಮೇಲೆ ಗೌರಿ ಬಳ್ಳಿಯನ್ನು ಗೇಣುದ್ದ ಬಿಟ್ಟು ಕೊಯ್ದು ಹಾಕಿದಳು. ಸದ್ಯ, ಹೋಯಿತಲ್ಲ ಎಂದುಕೊಂಡೆ. ಬೇಸಿಗೆಯಲ್ಲಿ ಮೊದಲ ಮಳೆ ಬಿದ್ದದ್ದೇ ತಡ, ಆ ಒಣಗಿದ ಮೋಟಿನಿಂದ ಮತ್ತೆ ಕುಡಿ ಎದ್ದಿತು. ಅದು ಅಂಥ ಜಾತಿಯ ಗಿಡ. ಬೇರು ಬದುಕಿದ್ದರೆ ವರ್ಷ ವರ್ಷವೂ ಬರುತ್ತದೆ. ನಾನು ರಾಗಿ, ಹುರುಳಿ, ಅವರೆ ಬೆಳೆದವಳು. ಕೊಯ್ದ ಮೇಲೆ ಮುಗಿಯಿತು ಎನ್ನುವ ಲೆಕ್ಕ ನನ್ನದು. ಸತ್ತದ್ದು ಮತ್ತೆ ಏಳುವುದನ್ನು ನೋಡಿ ನನಗೆ ಒಂಥರಾ ಆಯಿತು. ಮೊದಲು ನಾನು ಅನುಮಾನ ಪಟ್ಟದ್ದು ಗೌರಿಯ ಮೇಲಲ್ಲ, ಆ ಗಿಡದ ಮೇಲೆ.

ಆಮೇಲೆ ಒಂದೊಂದೇ ಶುರುವಾಯಿತು.

ನಾನು ಕೊಟ್ಟಿಗೆಯಲ್ಲಿ ಇರುತ್ತಿದ್ದುದರಿಂದ ಒಲೆ ಗೌರಿಯ ಕೈಗೆ ಹೋಯಿತು. ನಮ್ಮ ಯಜಮಾನರು ಊಟಕ್ಕೆ ಕೂತವರು ಒಂದು ದಿನ, "ಇದು ಗೌರಿ ಮಾಡಿದ್ ಸಾರಾ? ಇನ್ನೊಂದು ಸೌಟು ಹಾಕು" ಎಂದರು. ನನ್ನ ಸಾರಿಗೆ ಅಷ್ಟು ವರ್ಷದಲ್ಲಿ ಇನ್ನೊಂದು ಸೌಟು ಕೇಳಿದವರಲ್ಲ. ಮತ್ತೊಂದು ದಿನ ನನಗೇ ಹೇಳಿದರು — "ಅವಳು ಅದೆಂಗ್ ಒಗ್ಗರಣೆ ಹಾಕ್ತಾಳೆ, ಸ್ವಲ್ಪ ಕಲ್ತ್ಕೋ." ಗಂಡಸು ಹೇಳಿ ಕೈ ತೊಳೆದು ಹೋದ. ನಾನು ಆ ಮಾತನ್ನು ಹಾಲಿನ ಕ್ಯಾನಿನ ಜೊತೆ ಹೊತ್ತುಕೊಂಡು ಬೀದಿ ಬೀದಿ ತಿರುಗಿದೆ.

ಬಡಾವಣೆಯಲ್ಲಿ ಶಾರದಮ್ಮ ಎಂಬುವವರ ಮನೆಗೆ ನಾನು ಹಾಲು ಹಾಕುತ್ತಿದ್ದೆ. ಬಸವನಗುಡಿಯಿಂದ ಹೊಸದಾಗಿ ಬಂದವರು. ಒಳ್ಳೆಯ ಹೆಂಗಸು, ಬಾಯಿ ಜಾಸ್ತಿ. ಬೇಲಿಯ ಆಚೆಯಿಂದ ನಮ್ಮ ಬಳ್ಳಿ ನೋಡಿದ್ದರಂತೆ.

"ತಾಯಮ್ಮ, ನಿಮ್ಮನೇಲಿ ಶಂಖಪುಷ್ಪ ಇದ್ಯಲ್ಲಾ, ಬಿಳೀದು ಬಿಡತ್ತಾ? ಶಿವನಿಗೆ ಬಿಳೀದು ಶ್ರೇಷ್ಠ."

"ನೀಲಿನೇ ಬಿಡೋದಮ್ಮ."

"ಹೂವೇನೋ ಚೆಂದ. ಬೇರು ಮಾತ್ರ ತೀಕ್ಷ್ಣ ಕಣಮ್ಮ. ನಮ್ಮ ತಾತ ಔಷಧಿಗೆ ಕೊಡೋರು. ಒಂಚೂರು ಹೆಚ್ಚಾದ್ರೆ ಹೊಟ್ಟೆ ಕಿತ್ಕೊಂಡು ಹೋಗತ್ತೆ."

ಅವರು ಹಾಲಿನ ಪಾತ್ರೆ ತೊಳೆಯುತ್ತಾ ಸುಮ್ಮನೆ ಆಡಿದ ಮಾತು. ಅವರ ತಪ್ಪೇನೂ ಇಲ್ಲ. ನಾನು ಮನೆಗೆ ಬರುವಷ್ಟರಲ್ಲಿ ಆ ಮಾತು ನನ್ನೊಳಗೆ ಬೇರು ಬಿಟ್ಟಿತ್ತು. ಆಮೇಲೆ ಕಣ್ಣಿಗೆ ಕಂಡದ್ದೆಲ್ಲ ಅದಕ್ಕೆ ಗೊಬ್ಬರವಾಯಿತು.

ಒರಳುಕಲ್ಲಿನಲ್ಲಿ ಒಂದು ಬೆಳಿಗ್ಗೆ ನೀಲಿ ಅಂಟಿಕೊಂಡಿತ್ತು. ಗೌರಿಯ ಉಗುರಿನಲ್ಲೂ ನೀಲಿ. "ಏನೇ ಇದು?" ಎಂದೆ. "ರಂಗೋಲಿಗೆ ಬಣ್ಣ ಮಾಡ್ದೆ ಅಕ್ಕ, ಹೂ ಅರ್ದು ಅಕ್ಕಿ ಹಿಟ್ಟಿಗೆ ಕಲಸ್ದೆ." ಬಾಗಿಲಲ್ಲಿ ನೀಲಿ ರಂಗೋಲಿ ಇತ್ತು, ನಿಜ. ಆದರೆ — ಅರೆದದ್ದೆಲ್ಲ ರಂಗೋಲಿಗೇ ಹೋಯಿತು ಎಂದು ಯಾರು ಹೇಳಿದರು? ಹೀಗೆ ಓಡಿತು ನನ್ನ ತಲೆ.

ಆ ಮಳೆಗಾಲ ಕಳೆಯುವ ಹೊತ್ತಿಗೆ ನಮ್ಮ ಯಜಮಾನರಿಗೆ ಹೊಟ್ಟೆ ಉರಿ ಶುರುವಾಯಿತು. ಊಟ ಸೇರದು, ಹೊಟ್ಟೆ ಹಿಡಿದುಕೊಂಡು ಕೂರುವರು. ಕೆನ್ನೆ ಒಳಗೆ ಹೋಯಿತು. ಚೀನಾ ಯುದ್ಧದ ವರ್ಷ ಅದು. ಊರೆಲ್ಲ ಯುದ್ಧದ ಮಾತು ಆಡುತ್ತಿದ್ದರೆ ನಾನು ನನ್ನ ಗಂಡನ ತಟ್ಟೆ ನೋಡುತ್ತಾ ಕೂತಿದ್ದೆ. ಗೌರಿ ಬಡಿಸುವಾಗ ಅವಳ ಬೆರಳು ನೋಡುತ್ತಿದ್ದೆ. ಸೌಟು ಯಾವ ಪಾತ್ರೆಯಿಂದ ಬಂತು, ಯಾರಿಗೆ ಮೊದಲು ಹೋಯಿತು — ಎಲ್ಲ ನೋಡುತ್ತಿದ್ದೆ. ಅದೇ ಸಾರನ್ನು ನಾನೂ ಉಂಡೆ, ಅತ್ತೆಯೂ ಉಂಡರು, ಯಾರಿಗೂ ಏನೂ ಆಗಲಿಲ್ಲ. ಅದನ್ನು ಮಾತ್ರ ನೋಡಲಿಲ್ಲ.

ಸಂಕ್ರಾಂತಿಯ ಆಸುಪಾಸಿನಲ್ಲಿ ಒಂದು ದಿನ ಗೌರಿ ಬಳ್ಳಿಯ ಬುಡ ಕೆದಕುತ್ತಿದ್ದಳು. ನನ್ನ ಹೆಜ್ಜೆ ಕೇಳಿ ತಟ್ಟನೆ ಎದ್ದು, ಕೈಯಲ್ಲಿದ್ದದ್ದನ್ನು ಸೆರಗಿಗೆ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಏನದು ಎಂದು ನಾನು ಕೇಳಲಿಲ್ಲ. ಬೇರೋ, ಬೀಜವೋ, ಏನೂ ಇಲ್ಲವೋ — ಇವತ್ತಿಗೂ ನನಗೆ ಗೊತ್ತಿಲ್ಲ. ಕೇಳಬಹುದಿತ್ತು. ಕೇಳಿದರೆ ಅವಳು ಸರಿಯಾದ ಉತ್ತರ ಕೊಟ್ಟುಬಿಡುತ್ತಾಳೆ ಎಂಬ ಭಯ ಇತ್ತೋ ಏನೋ.

ನಮ್ಮ ಕಡೆ ಕೈಮದ್ದು ಎಂದು ಒಂದು ನಂಬಿಕೆ. ಹೆಂಗಸೊಬ್ಬಳು ಅನ್ನದಲ್ಲಿ ಬೇರೋ ಬೂದಿಯೋ ಕಲಸಿ ಕೊಟ್ಟರೆ, ತಿಂದವನು ಮೊದಲು ಅವಳ ಮಾತು ಕೇಳುತ್ತಾನೆ, ಆಮೇಲೆ ಮೈ ಒಣಗಿ ಸಾಯುತ್ತಾನೆ ಎಂದು. ಕೊಟ್ಟವಳು ಎಂದು ಒಮ್ಮೆ ಹೆಸರು ಬಿದ್ದರೆ ಮುಗಿಯಿತು. ಅವಳ ಕೈಯಿಂದ ಯಾರೂ ನೀರು ಕೂಡ ಈಸಿಕೊಳ್ಳುವುದಿಲ್ಲ. ನನಗೆ ಇದು ಗೊತ್ತಿತ್ತು. ಗೊತ್ತಿದ್ದೇ ಬಾವಿಯ ಹತ್ತಿರ ನೀರು ಸೇದುತ್ತಾ ಅಲ್ಲಿದ್ದ ಹೆಂಗಸರನ್ನು ನಾನು ಒಂದು ಮಾತು ಕೇಳಿದೆ. ಹೇಳಲಿಲ್ಲ, ಕೇಳಿದೆ ಅಷ್ಟೆ.

"ಶಂಖಪುಷ್ಪದ ಬೇರು ಹೊಟ್ಟೆಗೆ ಹೋದ್ರೆ ಏನಾಯ್ತದೆ ಅಕ್ಕಾ?"

ಸಂಜೆಯ ಹೊತ್ತಿಗೆ ನನ್ನ ಪ್ರಶ್ನೆ ಉತ್ತರವಾಗಿ ಅತ್ತೆಯ ಕಿವಿಗೆ ಬಂದು ಸೇರಿತು. ಅತ್ತೆ ನನ್ನನ್ನು ಕರೆದು, "ತಾಯಮ್ಮಿ, ಊರೋರೆಲ್ಲ ಏನೋ ಅಂತಾವ್ರೆ, ನಿಂಗೇನಾದ್ರೂ ಕಂಡದಾ?" ಎಂದರು. ನಾನು ಸೆರಗಿನಿಂದ ಮೂಗು ಒರೆಸಿಕೊಂಡೆ. "ನಾನ್ಯಾಕ್ ಇನ್ನೊಬ್ರ ಮನೆ ಹುಡುಗಿ ಮೇಲೆ ಹೇಳ್ಲಿ ಅತ್ತೆ" ಎಂದೆ. ಇದಕ್ಕಿಂತ ಚೆನ್ನಾಗಿ ಹೇಳುವುದು ಹೇಗೆ!

ಸುಬ್ರಹ್ಮಣ್ಯಪುರದ ಕಡೆ ಮದ್ದು ತೆಗೆಯುವ ಮುದುಕಿಯೊಬ್ಬಳು ಇದ್ದಳು. ಅವಳನ್ನು ಕರೆಸುವುದು ಎಂದಾಯಿತು. ರಾಮಣ್ಣನಿಗೂ ಹೇಳಿದರು. ಅವನು ಹೆಂಡತಿಯ ಮುಖ ನೋಡಿದ, ತಾಯಿಯ ಮುಖ ನೋಡಿದ, ಎದ್ದು ಶಿಫ್ಟಿಗೆ ಹೋದ.

ಮುದುಕಿ ಬರಬೇಕಾದ ದಿನ ಬೆಳಕು ಹರಿಯುವಾಗ ನಾನು ಹಾಲು ಕರೆಯಲು ಕೊಟ್ಟಿಗೆಗೆ ಹೋದೆ. ಕೆಂದಿ ಗೂಟದಲ್ಲಿ ಇರಲಿಲ್ಲ. ಹಗ್ಗ ಬಿಚ್ಚಿಕೊಂಡು ಹಿತ್ತಿಲಲ್ಲಿ ನಿಂತಿತ್ತು. ಅದರ ಬಾಯಿಂದ ಶಂಖಪುಷ್ಪದ ಬಳ್ಳಿ ಜೋತಾಡುತ್ತಿತ್ತು. ನೀಲಿ ಹೂ, ಹಸಿರು ಕಾಯಿ, ಒಣಗಿದ ಕಾಯಿ ಎಲ್ಲವನ್ನೂ ಸೇರಿಸಿ, ಕಂಬದ ಹಗ್ಗದ ಮೇಲಿನದನ್ನು ಎಳೆದು ಎಳೆದು ಮೇಯುತ್ತಿತ್ತು. ಕಾಲಿನಿಂದ ಕೆದಕಿ ಬುಡವನ್ನೂ ಎತ್ತಿತ್ತು. ಬೇರಿನ ಅರ್ಧ ಅದರ ಹೊಟ್ಟೆಯಲ್ಲಿತ್ತು, ಅರ್ಧ ಮಣ್ಣಿನಲ್ಲಿತ್ತು.

ನಾನು ಓಡಿಹೋಗಿ ಎಳೆಯಲಿಲ್ಲ. ನಿಂತು ನೋಡಿದೆ. ಹುಟ್ಟಿದಾಗಿನಿಂದ ದನ ಮೇಯಿಸಿದವಳು ನಾನು. ದನ ಯಾವುದಕ್ಕೆ ಬಾಯಿ ಹಾಕುತ್ತದೆ, ಯಾವುದನ್ನು ಮೂಸಿ ಬಿಡುತ್ತದೆ, ಅದೆಲ್ಲ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೆಂದಿ ಕಡಲೆ ಹೊಟ್ಟನ್ನು ತಿನ್ನುವ ಹಾಗೆ ಕಣ್ಣು ಅರ್ಧ ಮುಚ್ಚಿಕೊಂಡು ತಿನ್ನುತ್ತಿತ್ತು. ಬಾಯಿಯಲ್ಲಿ ನೊರೆ ಇಲ್ಲ, ಹೊಟ್ಟೆ ಉಬ್ಬರ ಇಲ್ಲ. ತಿಂದು ಮುಗಿಸಿ, ನನ್ನ ಕೈ ನೆಕ್ಕಿ, ತಾನೇ ಬಂದು ಗೂಟದ ಹತ್ತಿರ ನಿಂತಿತು.

ಆಗ ನನಗೆ ಗೊತ್ತಾಯಿತು. ಪೂರ್ತಿ ಗೊತ್ತಾಯಿತು. ಗಿಡದಲ್ಲಿ ವಿಷ ಇಲ್ಲ, ಗೌರಿಯ ಕೈಯಲ್ಲಿ ಮದ್ದು ಇಲ್ಲ.

ಆಮೇಲೆ ಮಾಡಿದ್ದನ್ನು ನಿಧಾನವಾಗಿ ಬರೆಯುತ್ತೇನೆ, ತಪ್ಪಿಹೋಗಬಾರದು. ಕೆಂದಿಯನ್ನು ಕಟ್ಟಿದೆ. ಹಾಲು ಕರೆದೆ. ಗುದ್ದಲಿ ತಂದು ಉಳಿದ ಬೇರನ್ನು ಕಿತ್ತೆ. ಬಚ್ಚಲ ಒಲೆಯಲ್ಲಿ ಒಂದಿಷ್ಟು ಸೌದೆ, ಎರಡು ತುಂಡು ಬೇರು ಹಾಕಿ ಹೊಗೆ ಎಬ್ಬಿಸಿದೆ. ಕೆಂದಿಯ ಕಾಲಿನ ಗುರುತನ್ನು ಪೊರಕೆಯಿಂದ ಗುಡಿಸಿದೆ. ಅತ್ತೆ ಎದ್ದು ಬಂದಾಗ, "ಆ ಹಾಳಾದ್ ಬಳ್ಳೀನ ಕಿತ್ತು ಸುಟ್ಟಾಕ್ದೆ ಅತ್ತೆ. ಇನ್ ಮನೇಲಿ ಇರಬಾರ್ದು" ಎಂದೆ.

"ನೀನಿದ್ದೀಯ ಅಂತ ಈ ಮನೆ ಉಳ್ಕೊಂಡದೆ ಕಣವ್ವ" ಎಂದರು ಅತ್ತೆ. ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಮುದುಕಿ ಬಂದಳು. ನುಗ್ಗೆ ಸೊಪ್ಪು ಅರೆಸಿ, ರಸವನ್ನು ಯಜಮಾನರ ಅಂಗೈಗೆ ಹಾಕಿ ಬೆರಳಿನಿಂದ ತಿಕ್ಕಿದಳು. ಮೈಯಲ್ಲಿ ಮದ್ದಿದ್ದರೆ ರಸ ಗಟ್ಟಿಯಾಗುತ್ತದೆ, ಇಲ್ಲದಿದ್ದರೆ ನೀರಾಗಿ ಹರಿಯುತ್ತದೆ, ಅದು ಪರೀಕ್ಷೆ. ಎಲ್ಲರೂ ಬಗ್ಗಿ ನೋಡಿದರು. ಗೌರಿಯೂ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಗಟ್ಟಿಯಾಯಿತು. ಹಸಿರು ಮುದ್ದೆ ಕಟ್ಟಿತು.

"ಮನೆ ಒಳಗಿನ ಕೈನೇ ಹಾಕಿರೋದು" ಎಂದಳು ಮುದುಕಿ.

ಗೌರಿ ಅಳುತ್ತಾಳೆ, ಬಾಯಿ ಮಾಡುತ್ತಾಳೆ ಎಂದುಕೊಂಡಿದ್ದೆ. ಅವಳು ನೇರವಾಗಿ ನನ್ನ ಹತ್ತಿರ ಬಂದಳು. "ಅಕ್ಕ, ನೀವ್ ಹೇಳಿ. ನೀವ್ ದಿನಾ ನನ್ ಜೊತೆ ಇದ್ದೀರಲ್ಲ, ನೀವೇ ಹೇಳಿ" ಎಂದಳು. ಎಲ್ಲರೂ ನನ್ನ ಬಾಯಿ ನೋಡಿದರು. ಕೊಟ್ಟಿಗೆಯಲ್ಲಿ ಕೆಂದಿ ಮೆಲುಕು ಹಾಕುವ ಸದ್ದು ನನಗೆ ಕೇಳುತ್ತಿತ್ತು.

"ಇನ್ಮೇಲೆ ಒಲೆ ಮುಟ್ಬೇಡ" ಎಂದೆ.

ಅಷ್ಟೇ ಹೇಳಿದ್ದು. ಅದಕ್ಕಿಂತ ಹೆಚ್ಚು ಬೇಕಾಗಿರಲಿಲ್ಲ.

ಅವತ್ತು ಸಂಜೆ ಒರಳಿನಲ್ಲಿ ನುಗ್ಗೆ ಸೊಪ್ಪು ಇನ್ನೂ ಉಳಿದಿತ್ತು. ತೊಳೆಯಲು ಹೋದವಳು ಸುಮ್ಮನೆ ನನ್ನ ಅಂಗೈಗೆ ಹಾಕಿ ತಿಕ್ಕಿದೆ. ನನ್ನ ಕೈಯಲ್ಲೂ ಗಟ್ಟಿಯಾಯಿತು. ಅದೇ ಹಸಿರು ಮುದ್ದೆ. ನನಗೆ ಯಾರು ಮದ್ದು ಹಾಕಿದ್ದರು? ಕೈ ತೊಳೆದುಕೊಂಡೆ. ಒರಳನ್ನೂ ತೊಳೆದೆ.

ಇನ್ನೊಂದಿದೆ. ಇದನ್ನು ಬರೆಯದಿದ್ದರೆ ಬರೆದದ್ದೆಲ್ಲ ದಂಡ. ಆ ದಿನ ಕರೆದ ಕೆಂದಿಯ ಹಾಲನ್ನು ನಾನು ಚೆಲ್ಲಲಿಲ್ಲ. ಬೆಳಗಿನದನ್ನು ಬಡಾವಣೆಗೆ ಹಾಕಿದೆ. ಸಂಜೆಯದನ್ನು ಕಾಯಿಸಿ ನಮ್ಮ ಯಜಮಾನರಿಗೆ ಕುಡಿಸಿದೆ. ಹೊಟ್ಟೆ ನೋವಿನ ಗಂಡನಿಗೆ, ವಿಷದ ಬಳ್ಳಿ ತಿಂದ ಹಸುವಿನ ಹಾಲು! ನಂಬಿದ್ದರೆ ಕುಡಿಸುತ್ತಿದ್ದೆನೆ? ನನಗೆ ಅನುಮಾನವಿತ್ತು, ಅದಕ್ಕೇ ಹಾಗೆ ಮಾಡಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಆ ಲೋಟ ಹಾಲು ನೆನಪಾದಾಗ ಆ ಮಾತು ಸುಳ್ಳಾಗುತ್ತದೆ. ಅನುಮಾನ ಅವತ್ತು ಬೆಳಿಗ್ಗೆ ಹಿತ್ತಿಲಲ್ಲೇ ಸತ್ತಿತ್ತು. ಆಮೇಲೆ ಮಾಡಿದ್ದೆಲ್ಲ ಅನುಮಾನವಲ್ಲ.

ಗೌರಿ, ನೀನು ರಾಮಣ್ಣನ ಜೊತೆ ಬನಶಂಕರಿಯ ಕಡೆ ಒಂದು ಕೋಣೆ ಹಿಡಿದು ಹೋದೆ. ಒಲೆ ನನಗೆ ವಾಪಸು ಬಂತು. ಯಜಮಾನರ ಹೊಟ್ಟೆ ಉರಿ ಮಾತ್ರ ಜಾಸ್ತಿಯಾಯಿತು. ಕೊನೆಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಹೊಟ್ಟೆಯಲ್ಲಿ ಹುಣ್ಣು ಎಂದರು. ಕೆಲಸದ ಜಾಗದಲ್ಲಿ ಬರೀ ಹೊಟ್ಟೆಗೆ ಬೀಡಿ, ಕಾಫಿ, ಬೀಡಿ, ಕಾಫಿ — ಅದೇ ಕಾರಣವಂತೆ. ಬೀಡಿ ಬಿಡಿಸಿದರು, ಔಷಧಿ ಕೊಟ್ಟರು, ವಾಸಿಯಾಯಿತು. ಬೀದಿಯಲ್ಲಿ ಕೇಳಿದವರಿಗೆ ನಾನು ಏನು ಹೇಳಿದೆ ಗೊತ್ತೆ? "ಅವಳು ಹೋದ್ಲು, ಮದ್ದು ಇಳೀತು" ಎಂದೆ. ಡಾಕ್ಟರ ಹೆಸರು ಎತ್ತಲಿಲ್ಲ.

ಆ ವರ್ಷ ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವ ದಿನ ನೀವಿಬ್ಬರೂ ಬಂದಿರಿ. ಎಡೆಯ ಅಡುಗೆ ಮನೆಯ ಸೊಸೆಯರು ಮಾಡಬೇಕು, ನಮ್ಮ ಪದ್ಧತಿ. ನಾನೊಬ್ಬಳೇ ಮಾಡಿದೆ. ನೀನು ಒಳಗೆ ಬರದೆ ಹಿತ್ತಿಲಲ್ಲಿ ನಿಂತಿದ್ದೆ. ಬೂದುಗುಂಬಳಕಾಯಿ ಕೊಯ್ಯಲು ನಾನು ಬಂದಾಗ ನೀನು ತಿಪ್ಪೆಯ ಕಡೆ ನೋಡುತ್ತಿದ್ದೆ.

ತಿಪ್ಪೆಯ ಅಂಚಿನಲ್ಲಿ ಶಂಖಪುಷ್ಪ ಹಬ್ಬಿತ್ತು. ನಾನು ನೋಡಿರಲಿಲ್ಲ, ದೇವರಾಣೆ. ದಿನವೂ ಸಗಣಿ ಹಾಕುವ ಜಾಗ, ಯಾರು ನೋಡುತ್ತಾರೆ? ಮಳೆಗೆ ಮೊಳೆತು ಮೇಲೆದ್ದು, ಸಗಣಿಯ ಮೇಲೆ ನೀಲಿ ಹೂ ಬಿಟ್ಟಿತ್ತು. ಅದರ ಬೀಜ ಕಲ್ಲಿನ ಹಾಗೆ ಗಟ್ಟಿ, ಹಸುವಿನ ಹೊಟ್ಟೆಯಲ್ಲೂ ಅರಗುವುದಿಲ್ಲ. ಕಲ್ಲಿಗೆ ಉಜ್ಜಿ ನೆನೆಸಿ ಊರಿದವಳು ನೀನು, ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನೀನು ತಿಪ್ಪೆ ನೋಡಿದೆ. ಕೊಟ್ಟಿಗೆ ನೋಡಿದೆ. ಖಾಲಿ ಹಗ್ಗ ಇನ್ನೂ ಜೋತಾಡುತ್ತಿದ್ದ ಕಂಬ ನೋಡಿದೆ. ಆಮೇಲೆ ನನ್ನ ಕಡೆ ತಿರುಗಿದೆ.

"ಅಕ್ಕ, ಹಸು ತಿಂದಿತ್ತಾ?"

ಮೆಲ್ಲಗೆ ಕೇಳಿದೆ. ಕೋಪದಲ್ಲಿ ಕೇಳಲಿಲ್ಲ. ನಾನು ಹೂಂ ಎಂದುಬಿಡಬಹುದಿತ್ತು, ಹಿತ್ತಿಲಲ್ಲಿ ನಾವಿಬ್ಬರೇ ಇದ್ದೆವು. ಹೂಂ ಎಂದಿದ್ದರೆ ನೀನು ಒಳಗೆ ಬಂದು ತೆಂಗಿನಕಾಯಿ ತುರಿಯುತ್ತಿದ್ದೆ, ಅಷ್ಟೆ. ನಿನ್ನ ಸ್ವಭಾವ ನನಗೆ ಗೊತ್ತಿತ್ತು.

"ಇಲ್ಲ. ಬೀಜ ಗಾಳಿಗೆ ಬಿದ್ದಿರ್ಬೇಕು" ಎಂದೆ.

ನೀನು ಸೆರಗಿನಲ್ಲಿ ಕೈ ಸುತ್ತಿಕೊಂಡು ನಿಂತೆ. ಆ ದಿನದಿಂದ ಜನರ ನಡುವೆ ನೀನು ಹಾಗೆಯೇ ನಿಲ್ಲುವುದು, ಕೈ ಸೆರಗಿನ ಒಳಗೆ. ನಿನ್ನ ಮಗಳ ಮದುವೆಯಲ್ಲಿ ಬಡಿಸಲು ಸೌಟು ಹಿಡಿಯಲಿಲ್ಲ. ಅಳಿಯನಿಗೆ ಮೊದಲ ತುತ್ತು ಬಡಿಸಬೇಕಾದ ಅತ್ತೆ ನೀನು, ಕಂಬದ ಹಿಂದೆ ನಿಂತಿದ್ದೆ. ಬೀಗರ ಕಡೆಯವರು ಏನೋ ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಅವರಿಗೆ ಹೇಳಿದವರು ಯಾರೋ ನಾನಲ್ಲ. ಮೊದಲು ಹೇಳಿದವಳು ನಾನು. ನಿನ್ನ ಮೊಮ್ಮಕ್ಕಳು ಕೂಡ ಅಜ್ಜಿ ಕೈತುತ್ತು ಕೊಡುವುದಿಲ್ಲ, ತಟ್ಟೆಯಲ್ಲಿ ಇಟ್ಟು ದೂರ ಕೂರುತ್ತಾಳೆ ಎನ್ನುತ್ತಾರಂತೆ. ಅವರಿಗೆ ಕಾರಣ ಗೊತ್ತಿಲ್ಲ. ಈಗ ಗೊತ್ತಾಗಲಿ.

ನೀನು ಹೋದ ಮೇಲೆ ತಿಪ್ಪೆಯ ಬಳ್ಳಿಯನ್ನು ಕಿತ್ತೆ. ಅವತ್ತು ನಿಜವಾಗಿ ಕಿತ್ತೆ. ಆದರೆ ಅಷ್ಟು ಹೊತ್ತಿಗೆ ಗೊಬ್ಬರ ಹೊರಗೆ ಹೋಗಿತ್ತು. ಬಡಾವಣೆಯವರು ಗುಲಾಬಿ ಗಿಡಕ್ಕೆ ಎಂದು ನಮ್ಮಿಂದಲೇ ತಿಪ್ಪೆ ಗೊಬ್ಬರ ಒಯ್ಯುತ್ತಿದ್ದರು. ಮುಂದಿನ ಮಳೆಗೆ ಶಾರದಮ್ಮನವರ ಗೇಟಿನ ಮೇಲೆ ನೀಲಿ. ಅವರ ಎದುರು ಮನೆಯ ಕಾಂಪೌಂಡಿನ ಮೇಲೆ ನೀಲಿ. ಹಾಲು ಹಾಕಲು ಹೋದ ಕಡೆಯೆಲ್ಲ ಅದು ನನಗಿಂತ ಮೊದಲೇ ಹೋಗಿ ನಿಂತಿತ್ತು.

"ನೋಡು ತಾಯಮ್ಮ, ನಾವು ಹಾಕ್ಲೇ ಇಲ್ಲ, ತಾನಾಗೇ ಬಂದಿದೆ! ಎಲ್ಲಿಂದ ಬಂತೋ!" ಎಂದರು ಶಾರದಮ್ಮ.

ನಾನು ಹಾಲು ಅಳೆದು ಕೊಟ್ಟು ಬಂದೆ. ಅವರಿಗೆ ಏನಾದರೂ ಗೊತ್ತಿದೆಯೇ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಆ ಮಾತಿನಲ್ಲಿ ಕೊಂಕು ಇತ್ತೇ, ಆ ನಗುವಿನಲ್ಲಿ ಏನಾದರೂ ಇತ್ತೇ ಎಂದು. ಅವತ್ತಿನಿಂದ ನನ್ನ ಬದುಕು ಹಾಗೇ ಆಯಿತು. ಇಬ್ಬರು ಹೆಂಗಸರು ಮೆಲ್ಲಗೆ ಮಾತಾಡಿದರೆ ನನ್ನ ವಿಷಯವೇ. ಯಜಮಾನರು ಸಾಯುವ ಮುಂಚೆ ಒಂದು ದಿನ, "ಗೌರಿ ಸಾರು ಚೆನ್ನಾಗಿರ್ತಿತ್ತು" ಎಂದರು. ಅದರಲ್ಲೂ ನನಗೆ ಪ್ರಶ್ನೆ ಕಂಡಿತು. ಅವರಿಗೂ ಹೇಳಲಿಲ್ಲ. ಅತ್ತೆ ಹೋದರು, ರಾಮಣ್ಣ ಹೋದ. ಯಾರಿಗೂ ಹೇಳಲಿಲ್ಲ.

ಈಗ ಯಾಕೆ ಹೇಳುತ್ತೀಯ ಎಂದು ನೀನು ಕೇಳಬಹುದು. ಸಾಯುವ ಮೊದಲು ಪುಣ್ಯ ಕಟ್ಟಿಕೊಳ್ಳಲು ಎಂದು ಜನ ಅನ್ನಬಹುದು. ಅನ್ನಲಿ. ಕಳೆದ ತಿಂಗಳು ಮೊಮ್ಮಗಳು ಕುಂಡದಲ್ಲಿ ಒಂದು ಬಳ್ಳಿ ತಂದು ಮಹಡಿಯ ಮೇಲೆ ಇಟ್ಟಳು. ಆ ಹೂವನ್ನು ಬಿಸಿ ನೀರಿಗೆ ಹಾಕಿ ಟೀ ಎಂದು ನನಗೆ ಕುಡಿಯಲು ಕೊಟ್ಟಳು. ಲೋಟದ ತುಂಬ ನೀಲಿ ನೀರು. "ಕುಡಿ ಅಜ್ಜಿ, ಏನೂ ಆಗಲ್ಲ" ಎಂದಳು. ಏನೂ ಆಗುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಲೋಟ ಕೆಳಗಿಟ್ಟು ಕಾಗದ ತರಲು ಹೇಳಿದೆ.

ಗೌರಿ, ಈ ಸಲ ಎಡೆ ನಮ್ಮ ಮನೆಯಲ್ಲೇ. ನೀನು ಈಗಿರುವ ಪದ್ಮನಾಭನಗರದಿಂದ ನಿನ್ನನ್ನು ಕರೆತರಲು ನಾನೇ ಆಟೋದಲ್ಲಿ ಬರುತ್ತೇನೆ, ಹುಡುಗರನ್ನು ಕಳಿಸುವುದಿಲ್ಲ. ಎಲೆ ಹಾಕುವ ಮೊದಲು ನಿನ್ನ ಮಕ್ಕಳು, ನನ್ನ ಮಕ್ಕಳು, ಬೀಗರು ಎಲ್ಲರ ಎದುರಿಗೆ ಇಲ್ಲಿ ಬರೆದದ್ದನ್ನು ಬಾಯಲ್ಲಿ ಹೇಳುತ್ತೇನೆ. ಕಾಗದದಲ್ಲಿ ಹೇಳುವುದು ಸುಲಭ, ಇದು ಕೂಡ ಒಂದು ಥರ ಬಾವಿಕಟ್ಟೆಯ ಮಾತೇ. ಹೇಳಿದ ಮೇಲೆ ಒಲೆ ನಿನ್ನದು. ನೀನು ಅಡುಗೆ ಮಾಡಿದರೆ ಮೊದಲ ಎಲೆಗೆ ನಾನು ಕೂರುತ್ತೇನೆ. ಮಾಡುವುದಿಲ್ಲ ಎಂದರೆ, ನನಗೆ ಬಡಿಸುವುದಿಲ್ಲ ಎಂದರೆ, ಅದೂ ನಿನ್ನದೇ. ಖಾಲಿ ಎಲೆಯ ಮುಂದೆ ಕೂತು, ಉಳಿದವರು ಉಂಡು ಏಳುವವರೆಗೂ ಇದ್ದು, ಎಲೆ ಮಡಚುತ್ತೇನೆ.

ಹಿತ್ತಿಲಲ್ಲಿ ನೀನು ಕೇಳಿದ್ದಕ್ಕೆ ಇದು ಉತ್ತರ. ಹೂಂ. ಹಸು ತಿಂದಿತ್ತು. ಏನೂ ಆಗಲಿಲ್ಲ. ಅವತ್ತು ಎಂದಿಗಿಂತ ಹಾಲೂ ಜಾಸ್ತಿ ಕೊಟ್ಟಿತ್ತು.